ಫ್ಯಾಮಿಲಿ ಥೆರಪಿ: ಹುದ್ದೆಯ ಹೆಸರು ಬೇರೆ, ಕೆಲಸ ಇದೇ. ಸರ್ಕಾರಿ ಆಸ್ಪತ್ರೆಯಲ್ಲಿ ಕುಟುಂಬಗಳ ಜೊತೆ ಕೆಲಸ ಮಾಡಬೇಕೆನ್ನುವವರಿಗೆ

ಮಂಗಳವಾರ ಬೆಳಗ್ಗೆ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ನೋಡಿ. ಮನೋಚೈತನ್ಯ ಕ್ಲಿನಿಕ್ ನಡೆಯುವ ದಿನ ಅದು. ಜಿಲ್ಲೆಯಿಂದ ಮಾನಸಿಕ ಆರೋಗ್ಯ ತಂಡ ಬಂದಿರುತ್ತದೆ. ಹೊರಗೆ ಬೆಂಚಿನ ಮೇಲೆ ಕೂತವರನ್ನು ಒಮ್ಮೆ ಎಣಿಸಿ. ಚೀಟಿ ಮಾಡಿಸಿದವರು ಒಬ್ಬರು, ಜೊತೆಗೆ ಬಂದವರು ಇಬ್ಬರೋ ಮೂವರೋ. ತಾಯಿ, ಅಣ್ಣ, ಪ್ಲಾಸ್ಟಿಕ್ ಕವರಿನಲ್ಲಿ ಹಳೇ ಚೀಟಿಗಳನ್ನೆಲ್ಲ ಹಿಡಿದ ಸೋದರಮಾವ, ಮಗು ಎತ್ತಿಕೊಂಡ ಹೆಂಡತಿ. ಬೇರೆ ಎಷ್ಟೋ ದೇಶಗಳಲ್ಲಿ ಮನೆಯವರನ್ನು ಆಸ್ಪತ್ರೆಗೆ ಬರಮಾಡಿಕೊಳ್ಳೋದೇ ದೊಡ್ಡ ಕೆಲಸ. ನಮ್ಮಲ್ಲಿ ಅವರು ಆಗಲೇ ಬಾಗಿಲಲ್ಲಿ ನಿಂತಿದ್ದಾರೆ. ಅವರನ್ನು ಒಳಗೆ ಕರೆದು ಕೂರಿಸಿ ಮಾತಾಡಿಸೋರು ಕಡಿಮೆ.

ಆ ಕೆಲಸವನ್ನೇ ವೃತ್ತಿ ಮಾಡಿಕೊಳ್ಳೋದು ಹೇಗೆ ಅಂತ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಹುಡುಗ ಹುಡುಗಿಯರು ನನ್ನನ್ನು ಆಗಾಗ ಕೇಳುತ್ತಾರೆ. ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ನೇಮಕಾತಿ ಪ್ರಕಟಣೆಗಳಲ್ಲಿ ‘ಫ್ಯಾಮಿಲಿ ಥೆರಪಿಸ್ಟ್’ ಅಂತ ಹುಡುಕುತ್ತಾ ಕೂತರೆ ವರ್ಷಗಳೇ ಕಳೆದುಹೋಗುತ್ತವೆ. ಕೆಲಸ ಇದೆ, ಬೇರೆ ಹೆಸರಿನಲ್ಲಿದೆ. ಆ ಹೆಸರುಗಳನ್ನು ತಿಳಿದುಕೊಂಡರೆ ಅರ್ಧ ದಾರಿ ಸಾಗಿದಂತೆ.

ಈ ‘ಸಿಸ್ಟಮಿಕ್’ ಅಂದರೇನು

ಫ್ಯಾಮಿಲಿ ಥೆರಪಿ ಅಂದರೆ ರೋಗಿಯ ಜೊತೆ ಮನೆಯವರನ್ನೂ ಕೂರಿಸಿ ಮಾತುಕತೆಯಿಂದ ಮಾಡುವ ಚಿಕಿತ್ಸೆ. ಅದು ನಿಂತಿರೋದು ‘ಸಿಸ್ಟಮಿಕ್’ ಅನ್ನುವ ನೋಟದ ಮೇಲೆ. ಹಗ್ಗದ ಮಂಚ ನೋಡಿದ್ದೀರಲ್ಲ? ಒಂದು ತುದಿಯಲ್ಲಿ ಯಾರಾದರೂ ಕೂತರೆ ಇನ್ನೊಂದು ತುದಿಯ ಹಗ್ಗವೂ ಬಿಗಿಯುತ್ತದೆ. ಮನೆಯೂ ಹಾಗೇ. ಮಗ ಕುಡಿಯೋಕೆ ಶುರು ಮಾಡಿದ, ಅಮ್ಮ ಸುಳ್ಳು ಹೇಳಿ ಮುಚ್ಚಿಡೋಕೆ ಶುರು ಮಾಡಿದರು, ಅಪ್ಪ ಮಾತು ಬಿಟ್ಟರು, ತಂಗಿಯ ಓದು ಹಿಂದೆ ಬಿತ್ತು. ಇಷ್ಟರಲ್ಲಿ ಆಸ್ಪತ್ರೆಗೆ ಬರೋದು ಮಗ ಒಬ್ಬನೇ. ‘ಇವನಿಗೆ ಏನಾಗಿದೆ’ ಅಂತ ಮಾತ್ರ ಕೇಳದೆ ‘ಈ ಮನೆಯಲ್ಲಿ ಯಾರು ಏನು ಮಾಡಿದಾಗ ಇನ್ನೊಬ್ಬರು ಏನು ಮಾಡುತ್ತಾರೆ’ ಅಂತ ಕೇಳೋದು ಸಿಸ್ಟಮಿಕ್ ನೋಟ.

ಹಾಗಂತ ಕಾಯಿಲೆಗೆ ಮನೆಯವರೇ ಕಾರಣ ಅಂತ ಅರ್ಥ ಅಲ್ಲ. ಈ ತಪ್ಪು ತಿಳಿವಳಿಕೆ ಓದಿದವರಲ್ಲೂ ಇದೆ. ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕೇಳಿಸುವಂಥ ತೀವ್ರ ಮಾನಸಿಕ ಕಾಯಿಲೆ) ಇರುವವರಿಗೆ ಮಾತ್ರೆ ಬೇಕೇ ಬೇಕು. ಆದರೆ ಮನೆಯಲ್ಲಿ ಸದಾ ಟೀಕೆ, ಹಂಗಿಸುವ ಮಾತು ಜಾಸ್ತಿ ಇದ್ದರೆ ಕಾಯಿಲೆ ಮರುಕಳಿಸೋದೂ ಜಾಸ್ತಿ ಅಂತ ಲಂಡನ್ನಿನಲ್ಲಿ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಅವರ ಜೊತೆಗಾರರು ದಶಕಗಳ ಹಿಂದೆಯೇ ತೋರಿಸಿದ್ದರು. ಅದೇ ಅಳತೆಗೋಲಿನಿಂದ ಚಂಡೀಗಢದ ಕುಟುಂಬಗಳನ್ನು ನೋಡಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಥ ಟೀಕೆ ಲಂಡನ್ನಿನ ಮನೆಗಳಿಗಿಂತ ನಮ್ಮವರಲ್ಲಿ ಕಡಿಮೆ ಕಂಡಿತ್ತು. ಅಂದರೆ ನಮ್ಮ ಮನೆಗಳಲ್ಲಿ ಒಂದು ಬಲ ಇದೆ. ಕೆಲಸ ಶುರು ಮಾಡಬೇಕಾದದ್ದು ಆ ಬಲದಿಂದ.

ನಮ್ಮ ದೇಶದ ಸರ್ಕಾರಿ ಆಸ್ಪತ್ರೆಗಳಿಗೆ ಇದು ಹೊಸದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೆಯವರು ರೋಗಿಯ ಜೊತೆಗೇ ಉಳಿದು ಚಿಕಿತ್ಸೆ ಪಡೆಯುವ ಫ್ಯಾಮಿಲಿ ಸೈಕಿಯಾಟ್ರಿ ವಿಭಾಗ ದಶಕಗಳಿಂದ ನಡೆಯುತ್ತಿದೆ.

ಯಾವ ಹೆಸರಿನಲ್ಲಿ ಹುಡುಕಬೇಕು

ನಮ್ಮ ಕಾನೂನಿನಲ್ಲಿ ಫ್ಯಾಮಿಲಿ ಥೆರಪಿಸ್ಟ್‌ಗೆ ಪ್ರತ್ಯೇಕ ನೋಂದಣಿ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೆಸರಿಸೋದು ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್ (ಚಿಕಿತ್ಸಾ ಮನಶ್ಶಾಸ್ತ್ರಜ್ಞರು), ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ (ಮಾನಸಿಕ ಆರೋಗ್ಯ ಕ್ಷೇತ್ರದ ಸಮಾಜಕಾರ್ಯಕರ್ತರು), ಮಾನಸಿಕ ಆರೋಗ್ಯದ ನರ್ಸ್, ಇಂಥವರನ್ನು. ಇವರಲ್ಲಿ ಯಾರು ಬೇಕಾದರೂ ತರಬೇತಿ ಪಡೆದು ಕುಟುಂಬಗಳ ಜೊತೆ ಕೆಲಸ ಮಾಡಬಹುದು. ಆದರೆ ದಿನವಿಡೀ ಮನೆಯವರ ಜೊತೆಗೇ ಇರುವ ಹುದ್ದೆ ಬೇಕು ಅಂದರೆ ಅದು ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್. ಆಸ್ಪತ್ರೆಯಲ್ಲಿ ಎಲ್ಲರೂ ‘ಪಿಎಸ್‌ಡಬ್ಲ್ಯೂ’ ಅಂತಲೇ ಕರೆಯೋದು. ರೋಗಿಗಳಿಗೆ ನೀವು ‘ಕೌನ್ಸೆಲಿಂಗ್ ಮೇಡಂ’ ಅಥವಾ ‘ಮಾತಾಡೋ ಡಾಕ್ಟ್ರು’. ನಾನು ಡಾಕ್ಟರ್ ಅಲ್ಲ ಅಂತ ಪ್ರತಿ ಸಲ ಹೇಳಿ, ಸುಸ್ತಾದರೂ ಹೇಳಿ.

ಈ ಹುದ್ದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಇದೆ. ಅದರ ಬೇರು ನಮ್ಮ ಬಳ್ಳಾರಿಯಲ್ಲೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯಲ್ಲಿ ಮಾಡಿ ನೋಡಿದ ಮಾದರಿಯೇ 1996ರಲ್ಲಿ ರಾಷ್ಟ್ರಮಟ್ಟದ ಕಾರ್ಯಕ್ರಮವಾಯಿತು. ಜಿಲ್ಲಾ ತಂಡದಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಪಿಎಸ್‌ಡಬ್ಲ್ಯೂ, ನರ್ಸ್ ಇರಬೇಕು ಅನ್ನೋದು ಕ್ರಮ. ಇದಲ್ಲದೆ ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗ, ಮತ್ತು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ (14416) ಇವೆ.

ಓದು: ಪಿಯುಸಿ ನಂತರ ಏಳು ವರ್ಷ

ಲೆಕ್ಕ ನೇರ. ಪದವಿ 3 ವರ್ಷ, ಎಂಎಸ್‌ಡಬ್ಲ್ಯೂ 2 ವರ್ಷ, ಆಮೇಲೆ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ನಲ್ಲಿ ಎಂಫಿಲ್ 2 ವರ್ಷ. ಪದವಿಯಲ್ಲಿ ಬಿಎಸ್‌ಡಬ್ಲ್ಯೂ (ಸಮಾಜಕಾರ್ಯದ ಪದವಿ) ಓದಿದ್ದರೆ ಅನುಕೂಲ. ಬಿಎ ಮಾಡಿ ಬಂದವರೂ ಇದ್ದಾರೆ. ಎಂಎಸ್‌ಡಬ್ಲ್ಯೂನಲ್ಲಿ ‘ಮೆಡಿಕಲ್ ಅಂಡ್ ಸೈಕಿಯಾಟ್ರಿಕ್’ ವಿಶೇಷ ವಿಷಯ ಇರುವ ಕಡೆ ಸೇರಿ. ಮಂಗಳೂರಿನ ರೋಶನಿ ನಿಲಯ, ಧಾರವಾಡ, ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳ ಸಮಾಜಕಾರ್ಯ ವಿಭಾಗಗಳು ನಮ್ಮ ರಾಜ್ಯದಲ್ಲಿ ಹಳೆಯವು. ಕಾಲೇಜಿನ ಹೆಸರಿಗಿಂತ ಫೀಲ್ಡ್‌ವರ್ಕ್‌ಗೆ ಎಲ್ಲಿ ಕಳಿಸುತ್ತಾರೆ ಅನ್ನೋದನ್ನು ನೋಡಿ. ವಾರದ ಫೀಲ್ಡ್‌ವರ್ಕ್ ದಿನಗಳನ್ನು ಸುಮ್ನೆ ಸಹಿ ಹಾಕಿ ಕಳೆದವರಿಗೂ ವಾರ್ಡಿನಲ್ಲಿ ಕಳೆದವರಿಗೂ ಇರುವ ವ್ಯತ್ಯಾಸ ಸಂದರ್ಶನದ ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ.

ಈಗ ಎಂಫಿಲ್ ವಿಷಯ. ಇಲ್ಲಿ ಎಚ್ಚರ ಬೇಕು. 2017ರ ಕಾಯ್ದೆ ಪಿಎಸ್‌ಡಬ್ಲ್ಯೂ ಅಂದರೆ ಯಾರು ಅಂತ ಹೇಳುವಾಗ ಎರಡು ವರ್ಷದ ಪೂರ್ಣಾವಧಿ ಎಂಫಿಲ್, ಅದರಲ್ಲಿ ಮೇಲ್ವಿಚಾರಣೆಯ ತರಬೇತಿ ಅಂತ ಸ್ಪಷ್ಟವಾಗಿ ಬರೆದಿದೆ. ಇನ್ನೊಂದು ಕಡೆ, ಹೊಸ ಶಿಕ್ಷಣ ನೀತಿಯಲ್ಲಿ ಎಂಫಿಲ್ ಪದವಿಯನ್ನೇ ಕೈಬಿಟ್ಟಿದ್ದಾರೆ. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್, ಈ ಎರಡು ಎಂಫಿಲ್‌ಗಳಿಗೆ ಮಾತ್ರ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025-26ರ ಸಾಲಿನವರೆಗೆ ವಿನಾಯಿತಿ ಕೊಟ್ಟಿತ್ತು. ಹಾಗಾಗಿ ಅಣ್ಣನೋ ಅಕ್ಕನೋ ಕೆಲವು ವರ್ಷದ ಹಿಂದೆ ಮಾಡಿದ್ದನ್ನೇ ನಕಲು ಮಾಡಬೇಡಿ. ಯಾವ ಕೋರ್ಸಿಗೆ ದುಡ್ಡು ಕಟ್ಟುವ ಮೊದಲೂ ಸಂಸ್ಥೆಗೆ ಒಂದೇ ಪ್ರಶ್ನೆ ಕೇಳಿ: ‘ಇದನ್ನು ಮುಗಿಸಿದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಪಿಎಸ್‌ಡಬ್ಲ್ಯೂ ಅಂತ ನೋಂದಣಿ ಆಗುತ್ತದಾ?’ ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ‘ಆಗುತ್ತೆ ಬಿಡಿ’ ಅನ್ನೋದು ಉತ್ತರ ಅಲ್ಲ.

ಆರು ವಾರದ ಆನ್‌ಲೈನ್ ಫ್ಯಾಮಿಲಿ ಥೆರಪಿ ಸರ್ಟಿಫಿಕೇಟ್‌ಗಳು ಬೇಕಾದಷ್ಟಿವೆ. ಕೆಲವು ಚೆನ್ನಾಗಿಯೂ ಇವೆ. ಕೆಲಸದಲ್ಲಿ ಇದ್ದುಕೊಂಡು ಕಲಿಯೋಕೆ ಅವು ಸರಿ. ಅದನ್ನೇ ನಂಬಿ ಸರ್ಕಾರಿ ಹುದ್ದೆಗೆ ಅರ್ಜಿ ಹಾಕಿದರೆ ಅರ್ಹತೆಯ ಹಂತದಲ್ಲೇ ಅರ್ಜಿ ಪಕ್ಕಕ್ಕೆ ಹೋಗುತ್ತದೆ.

ಕೈ ಪಳಗೋದು ಹೇಗೆ

ಇದು ಈ ಲೇಖನದ ಮುಖ್ಯ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ಮೊದಲು ಕಲಿಯಬೇಕಾದದ್ದು ಜೀನೋಗ್ರಾಮ್ ಬರೆಯೋದು. ಮನೆಯ ಮೂರು ತಲೆಮಾರಿನ ನಕ್ಷೆ ಇದು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮದುವೆಗೆ ಅಡ್ಡಗೆರೆ, ಆ ಗೆರೆಯಿಂದ ಮಕ್ಕಳು ಕೆಳಗೆ. ತೀರಿಕೊಂಡವರಿಗೆ ಒಳಗೆ ಅಡ್ಡಗುರುತು. ಜಗಳ ಇದ್ದರೆ ಇಬ್ಬರ ನಡುವೆ ಅಂಕುಡೊಂಕು ಗೆರೆ. ಅಮೆರಿಕದ ಮನೋವೈದ್ಯ ಮರ್ರಿ ಬೋವೆನ್ ಅವರ ಕೆಲಸದಿಂದ ಬೆಳೆದ ಪದ್ಧತಿ ಇದು. ಆದರೆ ನಮ್ಮ ಮನೆಗಳಿಗೆ ಇದನ್ನು ಸ್ವಲ್ಪ ಹಿಗ್ಗಿಸಬೇಕು. ಅಕ್ಕನ ಮಗಳನ್ನೇ ಮದುವೆಯಾದ ಮನೆಯಲ್ಲಿ ಸೋದರಮಾವ, ಗಂಡ ಎರಡೂ ಒಂದೇ ಚೌಕ. ಮೊದಲ ಸಲ ಬರೆದಾಗ ನನ್ನ ಕಾಗದ ಜೇಡರ ಬಲೆ ಆಗಿತ್ತು. ದಾರಿ ಏನಪ್ಪಾ ಅಂದರೆ ನೀವೊಬ್ಬರೇ ಬರೆಯಬೇಡಿ. ಕಾಗದ ಮೇಜಿನ ಮೇಲಿಟ್ಟು ಅವರಿಂದಲೇ ಹೇಳಿಸಿ. ಅಜ್ಜಿಯ ಹೆಸರು ಬಂದ ತಕ್ಷಣ ಮನೆಯವರು ತಾವೇ ಒಬ್ಬರನ್ನೊಬ್ಬರು ತಿದ್ದೋಕೆ ಶುರು ಮಾಡುತ್ತಾರೆ. ಯಾರು ಯಾರನ್ನು ತಿದ್ದಿದರು, ಯಾರು ಸುಮ್ಮನಾದರು, ಅದನ್ನು ನೋಡಿಕೊಳ್ಳಿ.

ಎರಡನೆಯದು ಸುತ್ತು ಪ್ರಶ್ನೆ. 1970-80ರ ಸುಮಾರಿಗೆ ಇಟಲಿಯ ಮಿಲಾನ್ ಊರಿನ ಫ್ಯಾಮಿಲಿ ಥೆರಪಿಸ್ಟ್‌ಗಳ ತಂಡ ರೂಢಿಗೆ ತಂದದ್ದು. ಒಬ್ಬರ ಬಗ್ಗೆ ಅವರನ್ನೇ ಕೇಳದೆ ಇನ್ನೊಬ್ಬರನ್ನು ಕೇಳೋದು. ‘ನಿಮಗೆ ಬೇಜಾರಾ?’ ಅಂತ ಸೊಸೆಯನ್ನು ಅತ್ತೆಯ ಎದುರು ಕೇಳಿದರೆ ‘ಏನಿಲ್ಲ ಮೇಡಂ’ ಅಂತಾಳೆ, ಇನ್ನೇನು ಹೇಳಬೇಕು ಪಾಪ. ಅದೇ ಅವಳ ಮೈದುನನನ್ನು ಕೇಳಿ: ‘ನಿಮ್ಮ ಅತ್ತಿಗೆ ಊಟ ಬಿಟ್ಟರೆ ಮನೇಲಿ ಮೊದಲು ಯಾರ ಕಣ್ಣಿಗೆ ಬೀಳುತ್ತೆ?’ ಹುಡುಗ ಯೋಚಿಸಿ ‘ಅಮ್ಮಂಗೇ’ ಅನ್ನಬಹುದು. ಇಷ್ಟು ದಿನ ಬೈಯುವವಳು ಅಂತಷ್ಟೇ ಇದ್ದ ಅತ್ತೆ ಆ ಕ್ಷಣದಿಂದ ಗಮನಿಸುವವಳೂ ಆಗುತ್ತಾಳೆ. ಸೊಸೆ ತಲೆ ಎತ್ತಿ ನೋಡುತ್ತಾಳೆ. ಆಮೇಲಿನ ಮಾತುಕತೆಯ ದಾರಿಯೇ ಬೇರೆ.

ಮೂರನೆಯದು ಕುರ್ಚಿ. ನಗಬೇಡಿ. ಯಾರು ಎಲ್ಲಿ ಕೂರುತ್ತಾರೆ ಅನ್ನೋದರಲ್ಲಿ ಮನೆಯ ಅರ್ಧ ಕಥೆ ಇರುತ್ತದೆ. ಕುಟುಂಬದ ರಚನೆಯ ಮೇಲೆ ಕೆಲಸ ಮಾಡಿದ ಸಾಲ್ವಡೋರ್ ಮಿನುಚಿನ್ ಕೂರುವ ಜಾಗ ಬದಲಿಸೋದನ್ನೇ ಒಂದು ತಂತ್ರವಾಗಿ ಬಳಸುತ್ತಿದ್ದರು. ನಾನು ಒಮ್ಮೆ ಒಂದು ತಾಲ್ಲೂಕು ಆಸ್ಪತ್ರೆಯ ಲಸಿಕೆ ಕೋಣೆಯಲ್ಲಿ ಕೂತಿದ್ದೆ. ಮಾತಾಡೋಕೆ ಬೇರೆ ಜಾಗ ಇರಲಿಲ್ಲ. ಗೋಡೆಯಲ್ಲಿ ಪೋಲಿಯೊ ಪೋಸ್ಟರ್, ಮೂಲೆಯಲ್ಲಿ ಗುಂಯ್ ಅನ್ನುವ ಫ್ರಿಜ್. ಹತ್ತನೇ ಕ್ಲಾಸಿನ ಹುಡುಗ, ಶಾಲೆ ಬಿಟ್ಟು ಎರಡು ತಿಂಗಳು. ಅವನು ಅಪ್ಪ ಅಮ್ಮನ ನಡುವೆ ಕೂತಿದ್ದ. ಅಪ್ಪ ಏನೇ ಹೇಳಿದರೂ ಅಮ್ಮ ಹುಡುಗನ ಮುಖ ನೋಡುತ್ತಿದ್ದರು, ಹುಡುಗ ಉತ್ತರ ಕೊಡುತ್ತಿದ್ದ. ಗಂಡ ಹೆಂಡತಿ ನೇರ ಮಾತೇ ಇಲ್ಲ. ‘ಯಜಮಾನ್ರೇ, ನೀವು ಸ್ವಲ್ಪ ಇವರ ಪಕ್ಕಕ್ಕೆ ಬನ್ನಿ, ಹುಡುಗ ಫ್ಯಾನ್ ಕೆಳಗೆ ಕೂರಲಿ’ ಅಂದೆ. ಫ್ಯಾನ್ ನೆಪ ಅಷ್ಟೇ. ಹುಡುಗ ಎದ್ದು ಹೋಗಿ ಕೂತವನು ಹತ್ತು ನಿಮಿಷದಲ್ಲಿ ತೂಕಡಿಸೋಕೆ ಶುರು ಮಾಡಿದ. ‘ರಾತ್ರಿ ನಿದ್ದೆ ಮಾಡಲ್ಲ ಅಂತೀರಿ’ ಅಂದೆ. ಅಮ್ಮ ಮೊದಲ ಸಲ ಗಂಡನ ಕಡೆ ತಿರುಗಿ ಹೇಳಿದರು: ‘ನಾವು ಜಗಳ ಆಡ್ತೀವೇನೋ ಅಂತ ಕಾಯ್ತಾ ಕೂರ್ತಾನೆ.’

ಇನ್ನು ನನ್ನ ಎಡವಟ್ಟಿನ ಕಥೆ. ತರಬೇತಿ ಮುಗಿಸಿದ ಹೊಸತರಲ್ಲಿ ಒಂದು ಮನೆಯವರು ಬಂದರು. ಗಂಡ, ಹೆಂಡತಿ, ಅತ್ತೆ. ಹೆಂಡತಿಯ ಮಾತು ಕೇಳಿ ನನಗೆ ಕರುಳು ಚುರುಕ್ ಅಂತು. ಅತ್ತೆಗೆ ಅಲ್ಲೇ ಬುದ್ಧಿ ಹೇಳಿದೆ, ಅದೂ ಅವರನ್ನು ನಮಸ್ಕಾರ ಅಂತ ಕೂಡ ಮಾತಾಡಿಸದೆ. ಎಲ್ಲರೂ ತಲೆ ಆಡಿಸಿದರು. ಮುಂದಿನ ವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ನನ್ನ ಸೂಪರ್‌ವೈಸರ್ ಕೇಳಿದ್ದು ಒಂದೇ: ‘ಆ ಮನೇಲಿ ಯಾರು ಒಪ್ಪಿದ್ರೆ ಸೊಸೆ ಆಸ್ಪತ್ರೆಗೆ ಬರೋಕಾಗುತ್ತೆ?’ ಅತ್ತೆ ಒಪ್ಪಬೇಕಿತ್ತು. ಆವತ್ತಿನಿಂದ ಕೋಣೆಗೆ ಬಂದವರಲ್ಲಿ ಹಿರಿಯರನ್ನು ಮೊದಲು ಮಾತಾಡಿಸುತ್ತೇನೆ. ಊರು ಯಾವುದು, ಬಸ್ಸು ಎಷ್ಟು ಹೊತ್ತಿಗೆ ಸಿಕ್ಕಿತು, ತಿಂಡಿ ಆಯ್ತಾ. ಎರಡು ನಿಮಿಷ ಸಾಕು.

ಇಂಥ ತಪ್ಪು ಪುಸ್ತಕದಿಂದ ಸರಿಹೋಗೋದಿಲ್ಲ. ಅದಕ್ಕೇ ಮೇಲ್ವಿಚಾರಣೆ ಬೇಕು. ಫ್ಯಾಮಿಲಿ ಥೆರಪಿ ತರಬೇತಿಯಲ್ಲಿ ಒಂದು ಕಡೆಯಿಂದ ಮಾತ್ರ ಕಾಣುವ ಕನ್ನಡಿಯ ಹಿಂದೆ ಗುರುಗಳು, ಜೊತೆ ವಿದ್ಯಾರ್ಥಿಗಳು ಕೂತು ನೋಡುವ ಪದ್ಧತಿ ಇದೆ. ಮನೆಯವರಿಗೆ ಮೊದಲೇ ತಿಳಿಸಿ, ಒಪ್ಪಿಗೆ ಪಡೆದೇ ಮಾಡುತ್ತಾರೆ. ಜಿಲ್ಲೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಕನ್ನಡಿಯೂ ಇಲ್ಲ, ಗುರುವೂ ಇಲ್ಲ. ಆಗ ನಿಮ್ಮ ಬ್ಯಾಚಿನ ಮೂರ್ನಾಲ್ಕು ಜನ ಸೇರಿ ಹದಿನೈದು ದಿನಕ್ಕೊಮ್ಮೆ ಫೋನಿನಲ್ಲಿ ಕೂತು ಒಂದೊಂದು ಕೇಸ್ ಮಾತಾಡಿ. ಹೆಸರು, ಊರು ಬೇಡ. ವಾಟ್ಸಾಪ್ ಗುಂಪಿನಲ್ಲಿ ಕೇಸ್ ಬರೆಯೋದು ಬೇಡವೇ ಬೇಡ.

ಎಲ್ಲರನ್ನೂ ಒಟ್ಟಿಗೆ ಕೂರಿಸಬಾರದ ಸಂದರ್ಭ

ಹೊಸಬರಿಗೆ ಎಲ್ಲರನ್ನೂ ಒಂದೇ ಕೋಣೆಗೆ ಕರೆಯುವ ಉತ್ಸಾಹ. ಹೊಡೆತ ಬಡಿತ ಇರುವ ಮನೆಯಲ್ಲಿ ಅದು ಅಪಾಯ. ಕೋಣೆಯಲ್ಲಿ ಹೆಂಡತಿ ಬಾಯಿಬಿಟ್ಟ ಸತ್ಯಕ್ಕೆ ರಾತ್ರಿ ಮನೆಯಲ್ಲಿ ಏಟು ಬೀಳುತ್ತದೆ. ಅದಕ್ಕೇ ಪ್ರತಿಯೊಬ್ಬರನ್ನೂ ಮೊದಲು ಬೇರೆ ಬೇರೆಯಾಗಿ ಐದು ನಿಮಿಷ ನೋಡುವ ರೂಢಿ ಮಾಡಿಕೊಳ್ಳಿ. ‘ಇದು ಇಲ್ಲಿನ ಕ್ರಮ’ ಅಂದರೆ ಯಾರೂ ಅನುಮಾನಪಡುವುದಿಲ್ಲ. ಹಿಂಸೆ ಇದೆ ಅಂತ ಗೊತ್ತಾದರೆ ಮೊದಲು ಸುರಕ್ಷತೆ: 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಇರುವ ಸಂರಕ್ಷಣಾಧಿಕಾರಿ, ಹಿಂಸೆಗೆ ಒಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ, 181 ಮಹಿಳಾ ಸಹಾಯವಾಣಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಗುಟ್ಟು ಕಾಪಾಡುತ್ತೇನೆ ಅನ್ನುವ ಮಾತೇ ಇಲ್ಲ. ಪೋಕ್ಸೊ ಕಾಯ್ದೆ ಪ್ರಕಾರ ವರದಿ ಮಾಡಲೇಬೇಕು. ಅದಕ್ಕೇ ಮೊದಲ ದಿನವೇ ‘ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ, ಯಾರದಾದರೂ ಜೀವಕ್ಕೆ ಅಪಾಯ ಅಥವಾ ಮಗುವಿಗೆ ತೊಂದರೆ ಇದ್ದರೆ ಮಾತ್ರ ನಾನು ಹೇಳಬೇಕಾಗುತ್ತೆ’ ಅಂತ ಬಿಡಿಸಿ ಹೇಳಿಬಿಡಿ.

ಅತಿ ಉದ್ರೇಕದಲ್ಲಿರುವವರು, ಪೂರ್ತಿ ಕುಡಿದು ಬಂದವರ ಜೊತೆಗೂ ಅಂದು ಕುಟುಂಬದ ಮಾತುಕತೆ ಬೇಡ. ಮೊದಲು ಮನೋವೈದ್ಯರು ನೋಡಲಿ.

ಕೆಲಸ ಸಿಗುವ ಮೊದಲು ಏನು ಮಾಡಬೇಕು

ಎಂಎಸ್‌ಡಬ್ಲ್ಯೂ ಮುಗಿದು ಎಂಫಿಲ್ ಸೀಟು ಸಿಗದೆ ಕೂತವರು ಬಹಳ ಜನ. ಸೀಟುಗಳು ಕಡಿಮೆ, ದೇಶದ ಎಲ್ಲಾ ಕಡೆಯಿಂದ ಪರೀಕ್ಷೆ ಬರೆಯುತ್ತಾರೆ. ಕಾಯುವ ವರ್ಷವನ್ನು ಹಾಳು ಮಾಡಬೇಡಿ. ಹದಿಹರೆಯದವರಿಗಾಗಿ ಇರುವ ಸ್ನೇಹಾ ಕ್ಲಿನಿಕ್, ಎಚ್‌ಐವಿ ಪರೀಕ್ಷೆಯ ಐಸಿಟಿಸಿ ಕೇಂದ್ರ, ಸಖಿ ಕೇಂದ್ರ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಇಲ್ಲೆಲ್ಲ ಸಮಾಲೋಚಕರ ಕೆಲಸ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಐಸಿಟಿಸಿ ಒಳ್ಳೆಯ ಪಾಠಶಾಲೆ. ಗಂಡನಿಗೆ ಹೇಗೆ ಹೇಳಲಿ, ಅಮ್ಮನಿಗೆ ಹೇಳಲೇಬೇಕಾ, ದಿನಾ ಇದೇ ಪ್ರಶ್ನೆ. ಇದಕ್ಕಿಂತ ಸಿಸ್ಟಮಿಕ್ ಕೆಲಸ ಇನ್ಯಾವುದು ಹೇಳಿ?

ಜಿಲ್ಲಾ ಹುದ್ದೆಗಳು ಹೆಚ್ಚಿನವು ಗುತ್ತಿಗೆ. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘದ ಪ್ರಕಟಣೆ ಜಿಲ್ಲೆಯ ವೆಬ್‌ಸೈಟಿನಲ್ಲಿ ಬರುತ್ತದೆ, ಅರ್ಜಿಗೆ ಸಿಗುವ ದಿನ ಕಡಿಮೆ. ನಿಮ್ಮ ಜಿಲ್ಲೆ ಅಷ್ಟೇ ಅಲ್ಲ, ಅಕ್ಕಪಕ್ಕದ ನಾಲ್ಕು ಜಿಲ್ಲೆಯದನ್ನೂ ವಾರಕ್ಕೊಮ್ಮೆ ನೋಡಿ. ಮದುವೆ, ಸಾಲ, ಮನೆ ಬಾಡಿಗೆ ಲೆಕ್ಕ ಹಾಕುವಾಗ ಗುತ್ತಿಗೆ ಅನ್ನೋದನ್ನು ಮರೆಯಬೇಡಿ. ಆದರೆ ಕಲಿಕೆಗೆ ಜಿಲ್ಲಾ ತಂಡದಂಥ ಜಾಗ ಇಲ್ಲ. ವಾರದಲ್ಲಿ ಒಂದು ದಿನ ತಾಲ್ಲೂಕು ಕ್ಲಿನಿಕ್, ಒಂದು ದಿನ ಜೈಲು, ಒಂದು ದಿನ ಕಾಲೇಜು, ಇನ್ನೊಂದು ದಿನ ಆಶಾ ಕಾರ್ಯಕರ್ತೆಯರ ತರಬೇತಿ. ಆಶಾ ಅಕ್ಕಂದಿರ ಫೋನ್ ನಂಬರ್ ಉಳಿಸಿಕೊಳ್ಳಿ. ಮಾತ್ರೆ ಬಿಟ್ಟವನ ಮನೆಗೆ ನೀವು ತಲುಪುವ ಮುಂಚೆ ಅವರು ತಲುಪಿರುತ್ತಾರೆ.

ಭಾಷೆಯ ಬಗ್ಗೆ ಒಂದು ಮಾತು. ‘ಖಿನ್ನತೆ’ ಅಂದರೆ ಬಹಳ ಮನೆಗಳಲ್ಲಿ ಅರ್ಥವೇ ಆಗಲ್ಲ. ‘ಮನಸ್ಸಿಗೆ ಬೇಜಾರು’, ‘ಎದೆ ಭಾರ’, ‘ತಲೆ ಕೆಟ್ಟಂಗೆ’ ಅಂತಾರೆ. ಕೆಲಸ ಸಿಕ್ಕ ಊರಿನವರು ಏನಂತಾರೋ ಅದನ್ನೇ ಕಲಿಯಿರಿ. ಮೈಸೂರಿನವರು ಕಲಬುರಗಿಗೆ ಹೋದರೆ ಮೊದಲ ಮೂರು ತಿಂಗಳು ಮಾತಾಡೋದಕ್ಕಿಂತ ಕೇಳೋದೇ ಜಾಸ್ತಿ ಇರಲಿ. ‘ಮೈಮೇಲೆ ದೇವರು ಬರುತ್ತೆ’ ಅಂದವರಿಗೆ ಅದು ಮೂಢನಂಬಿಕೆ ಅಂತ ಭಾಷಣ ಬಿಗಿಯಬೇಡಿ. ದೇವರು ಬಂದಾಗ ಮನೆಯಲ್ಲಿ ಯಾರು ಎದುರು ನಿಲ್ಲುತ್ತಾರೆ, ದೇವರು ಏನು ಕೇಳುತ್ತೆ, ಅದನ್ನೇ ಮೈಮೇಲೆ ದೇವರು ಬರುವ ಆ ಹೆಂಗಸು ಬೇರೆ ಹೊತ್ತಿನಲ್ಲಿ ಬಾಯಿಬಿಟ್ಟು ಕೇಳೋಕಾಗುತ್ತಾ ಅಂತ ವಿಚಾರಿಸಿ.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ

ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ‘ಫ್ಯಾಮಿಲಿ ಅಂಡ್ ಸಿಸ್ಟಮಿಕ್ ಸೈಕೋಥೆರಪಿಸ್ಟ್’ ಅಂತಲೇ ಹುದ್ದೆ ಇದೆ. ಮಕ್ಕಳ ಮಾನಸಿಕ ಆರೋಗ್ಯ ತಂಡಗಳಲ್ಲಿ ಹೆಚ್ಚು. ಮೊದಲು ಸೋಷಿಯಲ್ ವರ್ಕ್, ನರ್ಸಿಂಗ್, ಸೈಕಾಲಜಿಯಂಥ ಒಂದು ವೃತ್ತಿ ಕೈಯಲ್ಲಿರಬೇಕು. ಅದರ ಮೇಲೆ ಸಾಮಾನ್ಯವಾಗಿ ನಾಲ್ಕು ವರ್ಷದ ಅರೆಕಾಲಿಕ ತರಬೇತಿ: ಒಂದು ವರ್ಷ ಬುನಾದಿ, ಒಂದು ವರ್ಷ ಮಧ್ಯಮ, ಕೊನೆಯ ಎರಡು ವರ್ಷ ಮಾಸ್ಟರ್ಸ್ ಮಟ್ಟ. ಮುಗಿಸಿದ ಮೇಲೆ ಅಲ್ಲಿನ ಮನೋಚಿಕಿತ್ಸಕರ ಸಂಸ್ಥೆ ಯುಕೆಸಿಪಿಯಲ್ಲಿ ನೋಂದಣಿ. ಇಲ್ಲಿಂದ ಎಂಎಸ್‌ಡಬ್ಲ್ಯೂ ಮಾಡಿ ಹೋದವರು ಇಂಗ್ಲೆಂಡಿನಲ್ಲಿ ಸೋಷಿಯಲ್ ವರ್ಕರ್ ಅಂತ ಕೆಲಸ ಮಾಡಲು ಮೊದಲು ‘ಸೋಷಿಯಲ್ ವರ್ಕ್ ಇಂಗ್ಲೆಂಡ್’ ಅನ್ನುವ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿಸಬೇಕು.

ಸಂದರ್ಶನದ ದಿನ

ಒಂದು ಕೇಸ್ ಕೊಟ್ಟು ಏನು ಮಾಡುತ್ತೀರಿ ಅಂತ ಕೇಳಬಹುದು ಅಂದುಕೊಂಡೇ ಹೋಗಿ. ಕೇಳಿದಾಗ ಸಿದ್ಧಾಂತಗಳ ಹೆಸರಿನ ಮಳೆ ಸುರಿಸಬೇಡಿ. ಮೊದಲು ಯಾರನ್ನು ನೋಡುತ್ತೀರಿ, ಅಪಾಯ ಇದೆಯಾ ಅಂತ ಹೇಗೆ ತಿಳಿಯುತ್ತೀರಿ, ಮನೆಯವರಲ್ಲಿ ಯಾರನ್ನು ಕರೆಸುತ್ತೀರಿ, ಎರಡನೇ ಸಲ ಅವರು ಬರದಿದ್ದರೆ ಏನು ಮಾಡುತ್ತೀರಿ. ಈ ಕ್ರಮದಲ್ಲಿ ಹೇಳಿ. ಕೊನೆಯದು ಮುಖ್ಯ. ಎಪ್ಪತ್ತು ಕಿಲೋಮೀಟರ್ ದೂರದ ಊರಿನಿಂದ ಕೂಲಿ ಬಿಟ್ಟು ನಾಲ್ಕು ಜನ ವಾರಾವಾರ ಬರೋದಿಲ್ಲ. ಮೊದಲ ಭೇಟಿಯೇ ಕೊನೆಯ ಭೇಟಿ ಅಂದುಕೊಂಡು ಅವರ ಕೈಗೆ ಏನಾದರೂ ಒಂದು ಕೆಲಸ ಕೊಟ್ಟು ಕಳಿಸುತ್ತೇನೆ, ಮುಂದಿನದು ಫೋನಿನಲ್ಲಿ ಮಾತಾಡುತ್ತೇನೆ ಅಂತ ಹೇಳಿದವರಿಗೆ ಕ್ಷೇತ್ರ ಗೊತ್ತಿದೆ ಅಂತ ಅರ್ಥ.

ದಾಖಲೆಗಳಲ್ಲಿ ಜನರು ತಪ್ಪೋದು ಅನುಭವ ಪತ್ರದಲ್ಲಿ. ‘ಸಮಾಲೋಚಕರಾಗಿ ಕೆಲಸ ಮಾಡಿದ್ದಾರೆ’ ಅಂತ ಒಂದು ಸಾಲು ಬರೆಸಿಕೊಂಡು ಬರುತ್ತಾರೆ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಪೂರ್ಣಾವಧಿಯೋ ಅರೆಕಾಲಿಕವೋ, ಯಾರ ಮೇಲ್ವಿಚಾರಣೆಯಲ್ಲಿ, ಕುಟುಂಬಗಳ ಜೊತೆ ಕೆಲಸ ಮಾಡಿದ್ದು ಹೌದೋ ಅಲ್ಲವೋ, ಇಷ್ಟೂ ಅದರಲ್ಲಿ ಇರಲಿ. ಕೆಲಸ ಬಿಟ್ಟ ಮೇಲೆ ಆ ಪತ್ರಕ್ಕೆ ಅಲೆದಾಡಬೇಕಾಗುತ್ತದೆ. ಬಿಡುವ ದಿನವೇ ಸಹಿ, ಸೀಲು ಹಾಕಿಸಿಕೊಂಡು ಮೂರು ಜೆರಾಕ್ಸ್ ತೆಗೆಸಿಡಿ.